ಮೂರನೆಯ ಸಾಲು

ನನ್ನ ಶಾಂತಕ್ಕನಿಗೆ,

ನಿಮಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಮೂರು ವರ್ಷ ಒಂದೇ ಕೋಣೆಯಲ್ಲಿ ಎದುರುಬದುರು ಮೇಜಿನಲ್ಲಿ ಕೂತವರಿಗೆ ಪತ್ರ ಬರೆದುಕೊಳ್ಳುವ ಅಗತ್ಯ ಎಲ್ಲಿತ್ತು? ನೀವು ಹೋಗಿ ಐದು ವರ್ಷವಾಗುತ್ತಾ ಬಂತು. ಪುರುಸೊತ್ತಿಲ್ಲದೆ ಬರೆಯಲಿಲ್ಲ ಎಂದರೆ ನೀವು ನಂಬುವವರಲ್ಲ. ಧೈರ್ಯ ಇರಲಿಲ್ಲ. ನೀವಿಲ್ಲದಾಗ ನಮ್ಮ ಆಫೀಸಿನಲ್ಲಿ ನಿಮ್ಮ ಹೆಸರಿಗೆ ಏನಾಯಿತು, ಅದರಲ್ಲಿ ನನ್ನ ಪಾಲೆಷ್ಟು ಎನ್ನುವುದನ್ನು ನಿಮಗೆ ಬೇರೆ ಯಾರು ಹೇಳಿಯಾರು? ಮೊದಲಿನಿಂದ ಹೇಳುತ್ತೇನೆ. ನಡುವೆ ಬೈಯಬೇಡಿ. ಬೈಯುವುದಿದ್ದರೆ ಕೊನೆಯಲ್ಲಿ ಬೈಯಿರಿ.

ನೀವು ನನ್ನನ್ನು ಮೊದಲು ನೋಡಿದ್ದು ಬರ್ಮಿಂಗ್‌ಹ್ಯಾಮಿನ ಕನ್ನಡದವರ ಯುಗಾದಿ ಊಟದಲ್ಲಿ. ಚರ್ಚಿನ ಹಿಂದಿನ ಹಾಲ್‌ನಲ್ಲಿ ನಾನು ಹೋಳಿಗೆ ಬಡಿಸುತ್ತಿದ್ದೆ. ಮೈಸೂರಿನಲ್ಲಿ ಬಿ.ಕಾಂ. ಮಾಡಿ, ಮೋಹನ್ ಅವರನ್ನು ಮದುವೆಯಾಗಿ ಇಲ್ಲಿಗೆ ಬಂದು ನಾಲ್ಕು ವರ್ಷ ಮನೆಯಲ್ಲೇ ಇದ್ದೇನೆ ಎಂದಾಗ ನೀವು ಎಲೆಯಿಂದ ತಲೆ ಎತ್ತಿ, "ಮನ್ಯಾಗ ಕುಂತು ಏನ್ ಮಾಡ್ತೀ? ನಮ್ಮ ಆಫೀಸಿನ್ಯಾಗ ಒಂದು ಜಾಗಾ ಖಾಲಿ ಅದ. ಅರ್ಜಿ ಹಾಕ್ ನೀ, ಹೆಂಗ ಬರೀಬೇಕು ಅನ್ನೋದು ನಾ ಹೇಳಿಕೊಡ್ತೀನಿ" ಎಂದಿರಿ. ಧಾರವಾಡದ ಆ ಮಾತಿಗೆ ನಾನು ಎದುರಾಡುವುದು ಸಾಧ್ಯವಿತ್ತೇ? ಎರಡು ತಿಂಗಳಲ್ಲಿ ವಿಶ್ವವಿದ್ಯಾಲಯದ ಆ ಆಫೀಸಿನಲ್ಲಿ ನಿಮ್ಮ ಎದುರಿನ ಕುರ್ಚಿಯಲ್ಲಿದ್ದೆ.

ಮೊದಲ ವಾರ ನೀವು ಕೆಲಸವನ್ನು ವಿವರಿಸಿದ್ದು ಈಗಲೂ ಕಿವಿಯಲ್ಲಿದೆ. ಪಿಎಚ್.ಡಿ. ಮಾಡುತ್ತಲೇ ಕಿರಿಯ ವಿದ್ಯಾರ್ಥಿಗಳಿಗೆ ಲ್ಯಾಬಿನಲ್ಲಿ, ಕ್ಲಾಸಿನಲ್ಲಿ ಕಲಿಸುವ ಹುಡುಗ ಹುಡುಗಿಯರು ಇರುತ್ತಾರೆ. ವಾರಕ್ಕೆ ಇಷ್ಟು ಗಂಟೆ ಕಲಿಸಿದರೆ ಅವರ ಫೀ ಮಾಫಿ. ಗಂಟೆ ಕಡಿಮೆಯಾದರೆ ಮಾಫಿ ನಿಲ್ಲುತ್ತದೆ. ಅದು ನಿಂತು, ಫೀ ಕಟ್ಟಲಾಗದಿದ್ದರೆ ರಿಜಿಸ್ಟರಿನಿಂದ ಹೆಸರು ಹೋಗುತ್ತದೆ. ಹೊರದೇಶದವರಿಗೆ ಹೆಸರಿನ ಹಿಂದೆಯೇ ವೀಸಾ ಕೂಡ. ಆ ಗಂಟೆಗಳ ಫಾರ್ಮುಗಳನ್ನು ಹಣಕಾಸು ವಿಭಾಗಕ್ಕೆ ತಪ್ಪದೆ ಮುಟ್ಟಿಸುವುದು ನಮ್ಮ ಕೆಲಸ. "ಇದು ಬರೇ ಕಾಗದ ಅಂತ ತಿಳೀಬ್ಯಾಡ ಸುಧಾ," ಎಂದಿರಿ. "ನಾವಿಲ್ಲಿ ಒಂದು ಫಾರ್ಮ್ ಮರತ್ರ, ಅಲ್ಲಿ ಒಬ್ಬಾಕಿ ಗಂಟು ಕಟ್ಟಿಕೊಂಡು ವಿಮಾನ ಹತ್ತಬೇಕಾಗ್ತದ. ತಿಳೀತಿಲ್ಲೋ?" ತಿಳಿಯಿತು ಎಂದು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಯಾವತ್ತೂ ಸುಲಭ.

ನಿಮ್ಮ ಕೊನೆಯ ದಿನದ ಆ ಗಡಿಬಿಡಿ ನಿಮಗೆ ನೆನಪಿದೆಯೋ ಇಲ್ಲವೋ. ಅಕ್ಟೋಬರಿನ ಮೊದಲ ಗುರುವಾರ. ನಮ್ಮ ವಿಭಾಗವನ್ನೇ ಮೂರನೆಯ ಮಹಡಿಗೆ ಸಾಗಿಸುತ್ತಿದ್ದರು. ಕೋಣೆ ತುಂಬ ರಟ್ಟಿನ ಪೆಟ್ಟಿಗೆ, ಕಂಪ್ಯೂಟರಿನ ವೈರು. ಸೋಮವಾರ ನಿಮಗೆ ಪಿತ್ತಕೋಶದ ಆಪರೇಷನ್. ಕೋಟು ಹಾಕಿಕೊಂಡು, ಕೈಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತೇ ನೀವು ಒಂದರ ಹಿಂದೆ ಒಂದು ಕೆಲಸ ಹೇಳುತ್ತಾ ಹೋದಿರಿ. ಅವು ಹತ್ತಿದ್ದವೋ ಹದಿನೈದಿದ್ದವೋ. ನಾನು ಒಂದು ಪೆಟ್ಟಿಗೆಗೆ ಟೇಪು ಸುತ್ತುತ್ತಾ ಹೂಂ ಹೂಂ ಎನ್ನುತ್ತಿದ್ದೆ.

"ಎಲ್ಲಾ ನೆನಪಿರ್ತದಲಾ? ಇಲ್ಲಂದ್ರ ಬರಕೋ."

"ಇರುತ್ತೆ ಶಾಂತಕ್ಕ. ನೀವು ಹೊರಡಿ, ಟ್ರೈನ್ ತಪ್ಪತ್ತೆ."

"ಆತು ಹಂಗಾರ. ಎರಡು ವಾರಕ್ಕ ಬಂದುಬಿಡ್ತೀನಿ."

ನಾನು ಬರೆದುಕೊಳ್ಳಲಿಲ್ಲ. ಕಾರಣ ಏನಿತ್ತು ಎಂದು ಆಮೇಲೆ ಎಷ್ಟು ಸಲ ಹುಡುಕಿದ್ದೇನೆ ಗೊತ್ತೇ? ಜ್ವರ ಇತ್ತು, ಮನೆಯಲ್ಲಿ ಜಗಳವಾಗಿತ್ತು, ಏನಾದರೂ ಒಂದು... ಏನೂ ಇರಲಿಲ್ಲ. ಪೆನ್ನು ಪೆಟ್ಟಿಗೆಯೊಳಗೆ ಹೋಗಿತ್ತು, ಅಷ್ಟೆ. ಇನ್ನೊಂದು ಪೆನ್ನು ತರಲು ಎದ್ದು ಹೋಗಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು ಎಂದು ಸೋಮವಾರ ಸಂಜೆ ನಿಮ್ಮ ಅನು ಫೋನ್ ಮಾಡಿದ್ದಳು. ಬುಧವಾರ ಮತ್ತೆ ಅವಳದೇ ಫೋನು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೆ ಬಂದಿತ್ತಂತೆ. ಒಬ್ಬಳೇ ಮಗಳು, ತಂದೆಯೂ ಇಲ್ಲ, ಲೀಡ್ಸಿನಿಂದ ಓಡಿಬಂದವಳು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಇಂಗ್ಲಿಷಿನಲ್ಲಿ ಒಂದೇ ಮಾತನ್ನು ತಿರುಗಿ ತಿರುಗಿ ಹೇಳುತ್ತಿದ್ದಳು: ಅಮ್ಮ ಬೆಳಿಗ್ಗೆ ಟೋಸ್ಟ್ ತಿಂದಳು, ಅಮ್ಮ ಬೆಳಿಗ್ಗೆ ಟೋಸ್ಟ್ ತಿಂದಳು. ಆ ಶುಕ್ರವಾರ ಆಫೀಸು ಮುಚ್ಚಿ ಎಲ್ಲರೂ ನಿಮ್ಮನ್ನು ಕೊನೆಯ ಸಲ ಕಳಿಸಿಕೊಡಲು ಚಿತಾಗಾರಕ್ಕೆ ಬಂದೆವು. ನೀವು ಹೇಳಿದ್ದ ಕೆಲಸಗಳಲ್ಲಿ ಎಷ್ಟೋ ನನ್ನ ತಲೆಯಿಂದ ಬಿದ್ದುಹೋಗಿದ್ದವು. ಬಿದ್ದುಹೋಗಿವೆ ಎನ್ನುವುದೂ ತಿಳಿದಿರಲಿಲ್ಲ.

ವಂಜಿರು ನನ್ನ ಮೇಜಿನ ಮುಂದೆ ಬಂದು ನಿಂತದ್ದು ಫೆಬ್ರವರಿಯಲ್ಲಿ. ನಿಮಗೆ ಚೆನ್ನಾಗಿ ಗೊತ್ತಿದ್ದ ಹುಡುಗಿ. ಕೀನ್ಯಾದವಳು, ಕೆಮಿಸ್ಟ್ರಿಯಲ್ಲಿ ಮೂರನೆಯ ವರ್ಷ, ಸೆಲ್ಲಿ ಓಕ್‌ನಲ್ಲಿ ನಾಲ್ಕು ಜನ ಸೇರಿ ಹಿಡಿದ ಮನೆಯಲ್ಲಿದ್ದವಳು. ನಾನು ಅವಳನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಏಳು ತಿಂಗಳ ಹೊಟ್ಟೆ, ಒದ್ದೆ ಕೊಡೆ, ಕೈಯಲ್ಲಿ ಹಣಕಾಸು ವಿಭಾಗದ ಪತ್ರ. ಕಳೆದ ಟರ್ಮಿನಲ್ಲಿ ಅವಳು ಲ್ಯಾಬಿನಲ್ಲಿ ಕಲಿಸಿಲ್ಲ, ಆದ್ದರಿಂದ ಮಾಫಿ ರದ್ದು, ಮೂರು ವಾರದೊಳಗೆ ಪೂರ್ತಿ ಫೀ ಕಟ್ಟದಿದ್ದರೆ ರಿಜಿಸ್ಟರಿನಿಂದ ಹೆಸರು ತೆಗೆಯಲಾಗುವುದು ಎಂದಿತ್ತು.

"ಮಿಸೆಸ್ ಕುಲಕರ್ಣಿ ಇದ್ದಾರಾ?" ಎಂದು ಕೇಳಿದಳು. "ಬಸುರಿ ಲ್ಯಾಬಿನ ರಾಸಾಯನಿಕಗಳ ಹತ್ತಿರ ಹೋಗಬಾರದು ಅಂತ ಅವರೇ ಹೇಳಿದರು. ಅದರ ಬದಲು ಮನೆಯಲ್ಲಿ ಕೂತು ಲ್ಯಾಬ್ ರಿಪೋರ್ಟ್ ತಿದ್ದುವ ಕೆಲಸ ಕೊಡಿಸಿದರು. ಟರ್ಮ್ ಪೂರ್ತಿ ತಿದ್ದಿದ್ದೇನೆ. ಎಲ್ಲ ಸರಿ ಮಾಡಿದ್ದೇನೆ, ಚಿಂತೆ ಬೇಡ ಅಂದಿದ್ದರು. ಅವರನ್ನು ಕರೆಯಿರಿ, ಎರಡು ನಿಮಿಷದ ಮಾತು."

ಅವಳಿಗೆ ಗೊತ್ತೇ ಇರಲಿಲ್ಲ, ಶಾಂತಕ್ಕ. ನಾನು ಹೇಳಿದೆ. ಅವಳು ಕುರ್ಚಿಯ ಬೆನ್ನು ಹಿಡಿದು ನಿಧಾನವಾಗಿ ಕೂತಳು. ಕೊಡೆಯ ನೀರು ಕಾರ್ಪೆಟ್ಟಿನ ಮೇಲೆ ಸುರಿಯುತ್ತಿತ್ತು. "ಹಾಗಾದರೆ ನನಗಾಗಿ ಹೇಳುವವರು ಯಾರು?" ಎಂದಳು. ಅವಳ ಪತ್ರ ಓದುತ್ತಿದ್ದಂತೆ ನನ್ನ ಕಣ್ಣು ಹೆಸರಿನ ಮೇಲೆ ನಿಂತಿತ್ತು. ಈ ಹೆಸರನ್ನು ಎಲ್ಲೋ ಕೇಳಿದ್ದೇನೆ, ಪೆಟ್ಟಿಗೆ, ಟೇಪು, ಬಾಗಿಲು... ಅಲ್ಲಿಗೇ ನಿಲ್ಲಿಸಿಬಿಟ್ಟೆ. ನೆನಪನ್ನು ಮುಂದಕ್ಕೆ ಹೋಗಲು ನಾನೇ ಬಿಡಲಿಲ್ಲ. ಹೀಗೂ ಮಾಡಬಹುದು ಎನ್ನುವುದು ಅವತ್ತು ಗೊತ್ತಾಯಿತು.

ನಮ್ಮ ಮುಖ್ಯಸ್ಥೆ ಗ್ಲೆಂಡಾ ಫೈಲು ತರಿಸಿ ನೋಡಿದಳು. ಫಾರ್ಮ್ ಇಲ್ಲ, ಟಿಪ್ಪಣಿ ಇಲ್ಲ. ವಂಜಿರುವಿನ ಪ್ರೊಫೆಸರು ಆಸ್ಟ್ರೇಲಿಯಾಕ್ಕೆ ಹೋಗಿ ಕೂತಿದ್ದರು. ಅವರಿಂದ ಎರಡು ಸಾಲಿನ ಇಮೇಲ್ ಬಂತು: ಅಂಥ ಏನೋ ಮಾತು ಫೋನಿನಲ್ಲಿ ಆಗಿತ್ತು, ಏನು ತೀರ್ಮಾನವಾಯಿತು ಎಂದು ನೆನಪಿಲ್ಲ. ಗ್ಲೆಂಡಾ ಕನ್ನಡಕ ತೆಗೆದು, "ಪಾಪ, ಶಾಂತಾ ಆ ದಿನಗಳಲ್ಲಿ ನೋವಿನಲ್ಲಿದ್ದಳು. ಮರೆತಿರಬೇಕು," ಎಂದಳು. ದ್ವೇಷದಿಂದ ಹೇಳಿದ್ದಲ್ಲ. ನಿಮ್ಮ ಬಗ್ಗೆ ಅವಳಿಗೆ ನಿಜವಾಗಿಯೂ ಪ್ರೀತಿಯಿತ್ತು. ಮಧ್ಯಾಹ್ನದ ಹೊತ್ತಿಗೆ ಟೀ ಕೆಟಲ್ಲಿನ ಹತ್ತಿರ ನಿಂತವರೆಲ್ಲ ಅದನ್ನೇ ಹೇಳುತ್ತಿದ್ದರು. ಶಾಂತಾ ಮರೆತಳಂತೆ. ಹದಿನೆಂಟು ವರ್ಷದಲ್ಲಿ ಒಂದೇ ಒಂದು ತಪ್ಪು, ಅದೂ ಕೊನೆಯ ವಾರದಲ್ಲಿ. ನನ್ನನ್ನೂ ಕೇಳಿದರು, "ಅಲ್ಲವಾ ಸುಧಾ?" ನಾನು ತಲೆಯಾಡಿಸಿದೆ.

ವಂಜಿರುವಿನ ಅಪೀಲು ಕೇಳುವ ಕಮಿಟಿ ಮುಂದಿನ ವಾರದ ಮಂಗಳವಾರಕ್ಕೆ ನಿಗದಿಯಾಯಿತು. ಪ್ರೊಫೆಸರು ಮೊದಲೇ ಒಪ್ಪಿದ್ದರು ಎಂದೂ, ಕಾಗದ ಆಫೀಸಿನಲ್ಲೇ ತಪ್ಪಿತು ಎಂದೂ ಸಾಬೀತಾದರೆ ಮಾತ್ರ ಮಾಫಿ ವಾಪಸು ಸಿಗುತ್ತಿತ್ತು. ಆಗ ನನಗೆ ನಿಮ್ಮ ನೋಟ್‌ಬುಕ್ಕುಗಳ ನೆನಪಾಯಿತು. ದಿನಾ ಸಂಜೆ ಕೆಂಪು ರಟ್ಟಿನ ಪುಸ್ತಕದಲ್ಲಿ ಆ ದಿನದ ಕೆಲಸವನ್ನು ನೀವು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಿರಿ. "ಇವರಿಗೆ ತಿಳೀಬಾರದು ನೋಡು" ಎಂದು ಕಣ್ಣು ಮಿಟುಕಿಸುತ್ತಿದ್ದಿರಿ. ಅನು ಮನೆ ಖಾಲಿ ಮಾಡಲು ಆ ಶನಿವಾರ ಲೀಡ್ಸಿನಿಂದ ಬಂದಿದ್ದಳು. ಹೋದೆ.

ನಿಮ್ಮ ಅಡುಗೆಮನೆಯ ನೆಲದ ಮೇಲೆ ಅನು ಪಾತ್ರೆಗಳ ನಡುವೆ ಕೂತಿದ್ದಳು. ಒಗ್ಗರಣೆ ಸೌಟನ್ನು ಯಾವ ಪೆಟ್ಟಿಗೆಗೆ ಹಾಕುವುದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದಳು. ಎಂದಿನಂತೆ ನಾನು ಕನ್ನಡದಲ್ಲಿ ಕೇಳಿದೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದಳು. ನೋಟ್‌ಬುಕ್ಕುಗಳು ಮೇಲಿನ ಕೋಣೆಯಲ್ಲಿವೆ, ಬಿಸಾಡಲು ಮನಸ್ಸು ಬರುತ್ತಿಲ್ಲ, ಓದಲೂ ಬರುವುದಿಲ್ಲ ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಅಮ್ಮ ಏನೋ ತಪ್ಪು ಮಾಡಿ ಒಬ್ಬ ಹುಡುಗಿಗೆ ತೊಂದರೆ ಆಯಿತಂತೆ, ನಿಮ್ಮ ಆಫೀಸಿನವರು ಫೋನಿನಲ್ಲಿ ಹೇಳಿದರು. ನಿಜವಾ ಆಂಟಿ?" ಎಂದು ಕೇಳಿದಳು.

"ಅಮ್ಮ ತುಂಬಾ ಸುಸ್ತಾಗಿದ್ರು ಪುಟ್ಟಾ," ಎಂದೆ. ಹೌದು, ಹಾಗೆಂದೆ.

ಮೇಲಿನ ಕೋಣೆಯಲ್ಲಿ ಕೊನೆಯ ನೋಟ್‌ಬುಕ್ ತೆರೆದು ಆ ಗುರುವಾರದ ಪುಟ ಹುಡುಕಿದೆ. ನಿಮ್ಮ ದುಂಡನೆಯ ಅಕ್ಷರ. ಮೂರು ಸಾಲು.

ವಂಜಿರು ಬಸುರಿ. ಲ್ಯಾಬ್ ಬ್ಯಾಡ, ರಿಪೋರ್ಟ್ ತಿದ್ದೋ ಕೆಲಸ.

ಪ್ರೊಫೆಸರ್ ಮಂಗಳವಾರ ಫೋನಿನ್ಯಾಗ ಒಪ್ಪಿದ್ರು. ಮಾಫಿ ಮುಂದುವರೀಬೇಕು.

ಫಾರ್ಮ್ ಮುಂದಿನ ಶುಕ್ರವಾರದೊಳಗ ಹೋಗಬೇಕು, ಸುಧಾಗ ಹೇಳೇನಿ.

ಮಂಚದ ಅಂಚಿನಲ್ಲಿ ಕೂತುಬಿಟ್ಟೆ. ಸುಧಾಗ ಹೇಳೇನಿ. ತಡೆಹಿಡಿದಿದ್ದ ನೆನಪು ಪೂರ್ತಿ ಬಂತು. ಬಾಗಿಲಲ್ಲಿ ನಿಂತು ನೀವು ಎಡಗೈಯ ಬೆರಳು ಮಡಿಸುತ್ತಾ ಹೇಳಿದ್ದು, "ಆ ಕೆಮಿಸ್ಟ್ರಿ ಹುಡುಗೀದು ಮರೀಬ್ಯಾಡ" ಎಂದದ್ದು, ನಾನು ಹಲ್ಲಿನಿಂದ ಟೇಪು ಕಚ್ಚಿ ಹರಿಯುತ್ತಾ ಹೂಂ ಎಂದದ್ದು. ಕೆಳಗಿನಿಂದ ಅನು ಕೂಗಿದಳು, ಸಿಕ್ಕಿತಾ, ಏನು ಬರೆದಿದೆ? ನಾನು ಕೆಳಗೆ ಬಂದು ಮೊದಲ ಎರಡು ಸಾಲು ಓದಿದೆ. ಅವಳು ಮೂರನೆಯ ಸಾಲಿನ ಮೇಲೆ ಬೆರಳಿಟ್ಟು, ಇದೇನು ಎಂದಳು. "ಅದು ಸುಮ್ನೆ ಆಫೀಸಿನ ವಿಷಯ" ಎಂದೆ. ನಂಬಿದಳು. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಟ್ಟಳು, ಒದ್ದೆಯಾಗದಿರಲಿ ಎಂದು.

ಮೋಹನ್ ಮುಂದೆ ಹೇಳಿಕೊಂಡದ್ದು ಭಾನುವಾರ ಬೆಳಿಗ್ಗೆ, ಕಾಫಿ ಹೊತ್ತಿನಲ್ಲಿ. ನೀವು ಹೋದ ಮರುತಿಂಗಳು, ನವೆಂಬರಿನಲ್ಲೇ, ಬರ್ಚ್‌ವುಡ್ ಕಂಪನಿಯಲ್ಲಿ ಅವರ ಕಾಂಟ್ರ್ಯಾಕ್ಟು ಮುಗಿದಿತ್ತು. ಬೇರೆ ಕೆಲಸ ಸಿಕ್ಕಿರಲಿಲ್ಲ. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ, ಆ ನನ್ನ ಕೆಲಸ ಕಾಯಂ ಆಗುವುದು ಮಾರ್ಚ್ ಕೊನೆಗೆ. ಅವರು ನೋಟ್‌ಬುಕ್ಕನ್ನು ಎರಡು ಸಲ ಓದಿ ಮುಚ್ಚಿದರು.

"ಆ ಹುಡುಗಿಗೆ ಬೇಕಾಗಿರೋದು ಎರಡನೇ ಸಾಲು. ಅದನ್ನ ಓದು, ಸಾಕು."

"ಮೂರನೇದು?"

"ಅದನ್ನ ಯಾರು ಕೇಳ್ತಾರೆ? ಅಲ್ಲಿ ಕನ್ನಡ ಬರೋರು ಯಾರಿದ್ದಾರೆ?"

"ಶಾಂತಕ್ಕನ ತಪ್ಪು ಅಂತಿದ್ದಾರೆ ಮೋಹನ್, ಎಲ್ರೂ."

"ಅವರಿಗೆ ಇನ್ನೇನಾಗತ್ತೆ ಹೇಳು. ಆಗೋದು ನಿಂಗೆ, ನಮಗೆ. ಸುಳ್ಳು ಹೇಳು ಅಂತಿಲ್ಲ ನಾನು. ಕೇಳದೆ ಇರೋದನ್ನ ಹೇಳಬೇಡ ಅಂತಿದೀನಿ."

ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರು ಜೋರಾಗಿ ಹೇಳಿದ್ದು ನನ್ನೊಳಗೆ ಹಿಂದಿನ ದಿನದಿಂದಲೇ ನಡೆಯುತ್ತಿದ್ದ ಮಾತು. ಮಂಗಳವಾರದವರೆಗೆ ನಾನು ಅದನ್ನೇ ಒಪ್ಪಿಕೊಂಡಿದ್ದೆ. ಎರಡು ಸಾಲಿನ ಇಂಗ್ಲಿಷ್ ಅನುವಾದವನ್ನು ಟೈಪ್ ಮಾಡಿ, ಸಹಿ ಹಾಕಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟೆ. ಸೀರೆ ಉಟ್ಟರೆ ನಂಬುತ್ತಾರೆ ಎನ್ನುವ ಲೆಕ್ಕಾಚಾರವೂ ಇತ್ತೋ ಏನೋ... ಹೇಳಲು ನಾಚಿಕೆಯಾಗುತ್ತದೆ.

ಕಮಿಟಿ ಕೂತ ಆ ಕೋಣೆ ನಿಮಗೆ ಗೊತ್ತು, ಮುಖ್ಯ ಕಟ್ಟಡದ ಎರಡನೆಯ ಮಹಡಿಯದು, ಹೀಟರ್ ಆರಿಸಲಾಗದ್ದು. ಇತಿಹಾಸದ ಹಿರಿಯ ಪ್ರೊಫೆಸರೊಬ್ಬರು ಅಧ್ಯಕ್ಷರು. ಅವರ ಎಡಕ್ಕೆ ಹಣಕಾಸು ವಿಭಾಗದವರು, ಬಲಕ್ಕೆ ವಿದ್ಯಾರ್ಥಿ ಸಂಘದ ಹುಡುಗಿ. ಮೂಲೆಯಲ್ಲಿ ನಡಾವಳಿ ಬರೆದುಕೊಳ್ಳುವವಳು. ವಂಜಿರು ನನ್ನ ಎದುರು ಕೂತಿದ್ದಳು, ತಿದ್ದಿದ ರಿಪೋರ್ಟುಗಳ ಎರಡು ಚೀಲ ಕಾಲಬುಡದಲ್ಲಿ. ನೋಟ್‌ಬುಕ್ ಕೈಯಿಂದ ಕೈಗೆ ಹೋಯಿತು. "ಇದು ಉರ್ದುನಾ?" ಎಂದರು ಹಣಕಾಸಿನವರು. ನಾನು ಭಾಷೆಯ ಹೆಸರು ಹೇಳಿದೆ. ಇದನ್ನು ತಾಳೆ ನೋಡಬಲ್ಲವರು ವಿಶ್ವವಿದ್ಯಾಲಯದಲ್ಲಿ ಬೇರೆ ಇದ್ದಾರಾ ಎಂದು ಕೇಳಿದರು. ಯಾರೂ ಇರಲಿಲ್ಲ. ನನ್ನ ಮಾತನ್ನೇ ನಂಬುವುದಾಗಿ ಅಧ್ಯಕ್ಷರು ಹೇಳಿದರು. ನಾನು ಟೈಪ್ ಮಾಡಿದ ಹಾಳೆಯನ್ನು ಎದುರಿಗಿಟ್ಟುಕೊಂಡೆ.

ನಾನು ಎರಡು ಸಾಲು ಓದಿದೆ. ಹಣಕಾಸಿನವರು ಪೆನ್ಸಿಲು ತಿರುಗಿಸುತ್ತಾ ಕೂತಿದ್ದರು. ಕೆಟ್ಟವರಲ್ಲ, ಚುರುಕಿನವರು. "ಒಂದು ವಿಷಯ ನನಗೆ ಅರ್ಥವಾಗುತ್ತಿಲ್ಲ," ಎಂದರು. "ಈಕೆ ಇಷ್ಟು ಶಿಸ್ತಿನವರು. ದಿನಾ ಬರೆದಿಡುವವರು. ಮಂಗಳವಾರ ಒಪ್ಪಿಗೆ ಸಿಕ್ಕಿದೆ. ಬುಧವಾರ, ಗುರುವಾರ ಕೆಲಸಕ್ಕೆ ಬಂದಿದ್ದಾರೆ. ಹಾಗಿದ್ದೂ ಫಾರ್ಮ್ ಕಳಿಸಿಲ್ಲ. ಬಹುಶಃ ಒಪ್ಪಿಗೆ ಪೂರ್ತಿ ಆಗಿರಲಿಲ್ಲ. ಪ್ರೊಫೆಸರರಿಗೂ ನೆನಪಿಲ್ಲ ಎನ್ನುತ್ತಾರೆ. ಮರುದಿನ ಮಾತು ಬದಲಾಗಿರಬಹುದು. ಈ ಟಿಪ್ಪಣಿಯಿಂದ ನನಗೇನೂ ಸಾಬೀತಾಗುವುದಿಲ್ಲ."

ಅಧ್ಯಕ್ಷರು ನಿಧಾನವಾಗಿ ತಲೆಯಾಡಿಸಿದರು. ನಾನು ವಂಜಿರುವಿನ ಕಡೆ ನೋಡಿದೆ. ಅವಳು ಅಳುತ್ತಿರಲಿಲ್ಲ. ಒಂದು ಕೈ ಹೊಟ್ಟೆಯ ಮೇಲಿತ್ತು, ಇನ್ನೊಂದು ಕೈ ಚೀಲದ ಹಿಡಿಯನ್ನು ಆಗಲೇ ಹಿಡಿದುಕೊಂಡಿತ್ತು, ಎದ್ದು ಹೋಗುವವರ ಹಾಗೆ. ನಾನು ಬಿಟ್ಟ ಸಾಲು ನನ್ನನ್ನು ಮಾತ್ರ ಕಾಯುತ್ತದೆ ಎಂದುಕೊಂಡಿದ್ದೆನಲ್ಲ, ಅದು ಅವಳನ್ನು ಮುಳುಗಿಸುತ್ತಿತ್ತು. ಒಂದು ಕ್ಷಣ, ನಿಜ ಹೇಳುತ್ತೇನೆ, ಒಂದು ಕ್ಷಣ ಆಗಲೂ ಸುಮ್ಮನಿರಬಹುದು ಅನ್ನಿಸಿತು. ಆ ಕ್ಷಣ ಎಷ್ಟು ಉದ್ದವಿತ್ತು ಎಂದು ನಿಮಗೆ ಹೇಗೆ ಹೇಳಲಿ?

"ಆ ಪುಟದಲ್ಲಿ ಇಷ್ಟೇ ಇರುವುದಾ?" ವಿದ್ಯಾರ್ಥಿ ಸಂಘದ ಹುಡುಗಿ ಕೇಳಿದಳು. "ಇಲ್ಲಿ ಮೂರು ಸಾಲು ಕಾಣುತ್ತಿದೆಯಲ್ಲ."

"ಇನ್ನೊಂದಿದೆ," ಎಂದೆ. ನೋಟ್‌ಬುಕ್ಕನ್ನು ಹತ್ತಿರ ಎಳೆದುಕೊಂಡು, ಮೊದಲು ಕನ್ನಡದಲ್ಲಿ ನಿಮ್ಮ ಹಾಗೆಯೇ ಓದಿದೆ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಫಾರ್ಮ್ ಮುಂದಿನ ಶುಕ್ರವಾರದೊಳಗೆ ಹೋಗಬೇಕು, ಸುಧಾಗೆ ಹೇಳಿದ್ದೇನೆ.

ಹಣಕಾಸಿನವರ ಪೆನ್ಸಿಲು ನಿಂತಿತು. "ಸುಧಾ ಅಂದರೆ ಯಾರು?" ಎಂದು ಅಧ್ಯಕ್ಷರು ಕೇಳಿದರು. "ನಾನೇ," ಎಂದೆ. ಅವರು ಹೇಳಿದ್ದರು, ನಾನು ಕೇಳಿಸಿಕೊಂಡಿದ್ದೆ, ಮರೆತೆ. ಮಿಸೆಸ್ ಕುಲಕರ್ಣಿ ಏನನ್ನೂ ಮರೆತಿಲ್ಲ. ಮೂಲೆಯಲ್ಲಿದ್ದವಳು ನನ್ನ ಹೆಸರಿನ ಕಾಗುಣಿತ ಕೇಳಿದಳು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅವಳು ಬರೆದುಕೊಂಡಳು.

ಕಾರಿಡಾರಿನ ಬೆಂಚಿನ ಮೇಲೆ ನಾವಿಬ್ಬರೂ ಮುಕ್ಕಾಲು ಗಂಟೆ ಕೂತಿದ್ದೆವು, ನಡುವೆ ಆ ಎರಡು ಚೀಲ. ಕರೆದು ಹೇಳಿದರು: ಮಾಫಿ ಮುಂದುವರಿಯುತ್ತದೆ, ಪತ್ರ ಹಿಂದಕ್ಕೆ ಪಡೆಯಲಾಗಿದೆ. ವಂಜಿರು ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಹೊರಗೆ ಬಂದ ಮೇಲೆ ಅವಳು ನನಗೆ ಥ್ಯಾಂಕ್ಸ್ ಹೇಳುತ್ತಾಳೆ ಎಂದು ನಾನು ಕಾಯುತ್ತಿದ್ದೆನೋ ಏನೋ. ಅವಳು ನನ್ನ ಮುಖವನ್ನೇ ನೋಡಿ, "ನಾನು ನಿಮ್ಮ ಆಫೀಸಿಗೆ ಬಂದ ದಿನವೇ ನಿಮಗೆ ಗೊತ್ತಿತ್ತಾ?" ಎಂದಳು.

"ಸ್ವಲ್ಪ ಗೊತ್ತಿತ್ತು," ಎಂದೆ.

"ಎರಡು ವಾರ ನಾನು ನಿದ್ದೆ ಮಾಡಿಲ್ಲ," ಎಂದಳು. ಅಷ್ಟೇ ಹೇಳಿ ಚೀಲಗಳನ್ನು ಎತ್ತಿಕೊಂಡಳು. ನಾನು ಒಂದನ್ನು ಹಿಡಿಯಲು ಕೈ ಚಾಚಿದೆ. ಕೊಡಲಿಲ್ಲ.

ಗ್ಲೆಂಡಾ ನನ್ನನ್ನು ಬೈಯಲಿಲ್ಲ. "ಓ ಸುಧಾ," ಎಂದಳು, ಬಾಗಿಲು ಮುಚ್ಚಿದಳು. ಮರೆತದ್ದಕ್ಕಲ್ಲ, ಮರೆತದ್ದು ತಿಳಿದ ಮೇಲೂ ನಿಮ್ಮ ಹೆಸರು ಕೆಡಲು ಬಿಟ್ಟದ್ದಕ್ಕೆ ಅವಳಿಗೆ ನೋವಾಗಿತ್ತು. ಮಾರ್ಚ್ ಕೊನೆಗೆ ನನ್ನ ಕೆಲಸ ಕಾಯಂ ಆಗಲಿಲ್ಲ. ಅದಕ್ಕೂ ಮೊದಲು ಒಂದು ಸೋಮವಾರ ಅವಳು ಎಲ್ಲರನ್ನೂ ಕೂರಿಸಿ, ಶಾಂತಾಳ ಕಡೆಯಿಂದ ಯಾವ ತಪ್ಪೂ ಆಗಿರಲಿಲ್ಲ ಎಂದು ಹೇಳಿದಳು. ನಾನೂ ಅಲ್ಲೇ ಕೂತಿದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ, ನೋಡಿದ್ದರೇ ವಾಸಿಯಿತ್ತು. ಮೋಹನ್ ನಾಲ್ಕು ದಿನ ನನ್ನೊಡನೆ ಅಗತ್ಯವಿದ್ದಷ್ಟೇ ಮಾತಾಡಿದರು. ಐದನೆಯ ದಿನ ತಾವೇ ಚಪಾತಿ ಲಟ್ಟಿಸಲು ಕೂತರು, ಯಾವ ಆಕಾರಕ್ಕೂ ಬರಲಿಲ್ಲ, ಇಬ್ಬರೂ ತಿಂದೆವು. ಮೇ ತಿಂಗಳಲ್ಲಿ ಅವರಿಗೆ ಹಡರ್ಸ್‌ಫೀಲ್ಡಿನ ಹತ್ತಿರ ಕೆಲಸ ಸಿಕ್ಕಿ ಮನೆ ಬದಲಾಯಿಸಿದೆವು. ನಾನು ಇಲ್ಲಿ ಒಬ್ಬ ಡಾಕ್ಟರರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಯಾರು ಏನು ಹೇಳಿದರೂ ಅವರ ಮುಂದೆಯೇ ಬರೆದುಕೊಳ್ಳುತ್ತೇನೆ. ವಯಸ್ಸಾದ ಕೆಲವರಿಗೆ ಇದರಿಂದ ರೇಗುತ್ತದೆ.

ಅನುವಿಗೆ ಹೇಳಿದ್ದು ಎಲ್ಲಕ್ಕಿಂತ ಕಷ್ಟವಾಯಿತು, ಶಾಂತಕ್ಕ. ಕಮಿಟಿಯಾದ ಮರು ಶನಿವಾರ ನೋಟ್‌ಬುಕ್ ವಾಪಸು ಕೊಡಲು ಲೀಡ್ಸಿಗೆ ಹೋದೆ. ಅವಳ ಪುಟ್ಟ ಫ್ಲಾಟಿನಲ್ಲಿ ನಿಮ್ಮ ಕುಕ್ಕರು, ನಿಮ್ಮ ಮಸಾಲೆ ಡಬ್ಬಿ. ಟೀ ಮಾಡಲು ಎದ್ದವಳನ್ನು ಕೂರಿಸಿ ಹೇಳಿದೆ. "ನಾನು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದೆ ಆಂಟಿ," ಎಂದಳು, ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಬಿಡಿಸಿ. "ನನ್ನಮ್ಮ ಒಬ್ಬ ಬಸುರಿ ಹೆಂಗಸನ್ನು ಮರೆತು ಸತ್ತಳು ಅಂತ ನಾನು ಅಂದುಕೊಳ್ಳಲು ಬಿಟ್ಟಿರಿ." ಹೋಗಿ ಎಂದಳು. ಬಂದೆ. ಆಮೇಲೆ ಎರಡು ವರ್ಷ ನನ್ನ ಫೋನು ಎತ್ತಲಿಲ್ಲ. ಯುಗಾದಿಗೆ, ದೀಪಾವಳಿಗೆ ನಾನು ಮೆಸೇಜ್ ಬಿಡುತ್ತಿದ್ದೆ. ಉತ್ತರ ಇಲ್ಲ.

ಆಮೇಲೆ ಒಂದು ದಿನ ಇಮೇಲ್ ಬಂತು. ನಾಲ್ಕೇ ಸಾಲು. ನನಗೆ ಕನ್ನಡ ಓದಲು ಕಲಿಸುತ್ತೀರಾ? ಅಮ್ಮ ಏನು ಬರೆದಳು ಎಂದು ನಾನು ಇನ್ನೊಬ್ಬರ ಬಾಯಿಂದ ಕೇಳಬೇಕಾಗಿ ಬರಬಾರದು. ಕನ್ನಡ ಬಲ್ಲ ಬೇರೆ ಯಾರೂ ಇಲ್ಲಿ ನನಗೆ ಗೊತ್ತಿಲ್ಲ, ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ. ಕ್ಷಮಿಸಿದ್ದೇನೆ ಎಂದು ತಿಳಿಯಬೇಡಿ.

ಹದಿನೈದು ದಿನಕ್ಕೊಂದು ಭಾನುವಾರ, ಹಡರ್ಸ್‌ಫೀಲ್ಡ್ ಸ್ಟೇಷನ್ನಿನ ಎದುರಿನ ಕೆಫೆಯಲ್ಲಿ ಪಾಠ ಶುರುವಾಯಿತು. ನಮ್ಮ ಮನೆಗೆ ಬರಲು ಮೊದಮೊದಲು ಒಪ್ಪಲಿಲ್ಲ. ಮೂವತ್ತು ವರ್ಷದ ಹುಡುಗಿ ನಾಲಗೆ ಕಚ್ಚಿಕೊಂಡು ಅ ಆ ತಿದ್ದುವುದನ್ನು ನೀವು ನೋಡಬೇಕಿತ್ತು. ಒತ್ತಕ್ಷರ ಬಂದಾಗ ಪೆನ್ಸಿಲು ಎಸೆದಳು. ಅಮ್ಮ ಯಾಕೆ ಚಿಕ್ಕಂದಿನಲ್ಲೇ ಕಲಿಸಲಿಲ್ಲ ಎಂದು ನಿಮ್ಮನ್ನೂ ಬೈದಳು. ಈಗ ಮನೆಗೇ ಬರುತ್ತಾಳೆ, ಊಟ ಮಾಡಿ ಹೋಗುತ್ತಾಳೆ. ಮೋಹನ್ ಮಾಡುವ ಚಪಾತಿಯನ್ನು ಆಡಿಕೊಳ್ಳುತ್ತಾಳೆ. ನನ್ನೊಡನೆ ಮಾತು ಮಾತ್ರ ಇನ್ನೂ ಅಳತೆಯಲ್ಲೇ.

ನಿಮಗೆ ಗೊತ್ತಿಲ್ಲದ ಇನ್ನೊಂದು ಸುದ್ದಿ. ಕಮಿಟಿ ಕೂತ ವರ್ಷದ ಬೇಸಿಗೆಯಲ್ಲೇ ನಿಯಮ ತಿದ್ದಿದರಂತೆ, ಗ್ಲೆಂಡಾ ಬರೆದಿದ್ದಳು. ಬಸುರಿ ಲ್ಯಾಬ್ ಬಿಟ್ಟರೆ ಬದಲಿ ಕೆಲಸ ಕೊಡಲೇಬೇಕು, ಮಾಫಿ ನಿಲ್ಲಿಸುವ ಹಾಗಿಲ್ಲ, ಫೋನಿನಲ್ಲಿ ಆದ ಒಪ್ಪಿಗೆಯನ್ನು ಅಂದೇ ಫೈಲಿಗೆ ಹಾಕಬೇಕು. ವಂಜಿರುವಿಗೆ ಗಂಡುಮಗು ಹುಟ್ಟಿತು, ಮುಂದಿನ ವರ್ಷ ಡಾಕ್ಟರೇಟೂ ಆಯಿತು. ನನಗೆ ಅವಳು ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ.

ಕಳೆದ ವಾರ ನಾನು ಕ್ಲಿನಿಕ್ಕಿನಿಂದ ಮನೆಗೆ ನಡೆದು ಬರುತ್ತಿದ್ದಾಗ ಅನು ಫೋನ್ ಮಾಡಿದಳು. ಒಂದೊಂದಾಗಿ ನಿಮ್ಮ ನೋಟ್‌ಬುಕ್ಕುಗಳನ್ನು ಮುಗಿಸಿ ಕೊನೆಯದರ ಕೊನೆಯ ಪುಟಕ್ಕೆ ಬಂದಿದ್ದಳು. ನೀವು ಆಸ್ಪತ್ರೆಗೆ ಹೊರಡುವ ಹಿಂದಿನ ದಿನದ್ದು. ಆ ಪುಟವನ್ನು ನಾನು ಯಾವತ್ತೂ ತೆರೆದಿರಲಿಲ್ಲ. ಅವಳು ತೊದಲುತ್ತಾ ಓದಿದಳು: "ಚಾವಿ ಅನು ಹತ್ರ. ಗ್ಯಾಸ್ ಮೀಟರ್ ನೋಡಬೇಕು. ಸುಧಾ ಹುಷಾರು." ಆಮೇಲೆ ಎಂದಿನಂತೆ ಇಂಗ್ಲಿಷಿನಲ್ಲಿ ಕೇಳಿದಳು, "ಹುಷಾರು ಅಂದರೆ ಏನು ಆಂಟಿ?"

ನಾನು ಫುಟ್‌ಪಾತಿನಲ್ಲೇ ನಿಂತೆ. ಹೇಳಿದೆ: ಜಾಣೆ, ಕೆಲಸ ಬಲ್ಲವಳು ಎಂದೂ ಆಗುತ್ತದೆ. ಎಚ್ಚರವಾಗಿರು ಎಂದೂ ಆಗುತ್ತದೆ. ಮೈಯಲ್ಲಿ ಆರಾಮಾಗಿದ್ದಾಳೆ ಎಂದೂ ಆಗುತ್ತದೆ.

"ಅಮ್ಮ ಬರೆದದ್ದು ಯಾವುದು?"

"ಈ ಒಂದನ್ನ ನನ್ನ ಕೇಳ್ಬೇಡ ಅನು. ನಾನು ಹೇಳಿದ್ರೆ ನೀನು ನಂಬಬಾರದು. ನೀನೇ ಓದ್ಕೋ."

ಆ ಕಡೆ ಪುಟ ತಿರುವಿದ ಸದ್ದು ಕೇಳಿಸಿತು. ನಿಮ್ಮನ್ನು ಕೇಳಬೇಕು ಅನ್ನಿಸಿತು, ಶಾಂತಕ್ಕ. ಯಾವುದನ್ನು ಬರೆದಿರಿ? ನನ್ನ ಮೇಲೆ ಭಾರ ಹಾಕಿ ನಿಶ್ಚಿಂತೆಯಿಂದ ಹೋದಿರಾ, ಅಥವಾ ನನ್ನ ಹೂಂ ಹೂಂ ಕೇಳ್ತಾ ಕೇಳ್ತಾ ನಿಮಗೆ ಅನುಮಾನ ಬಂದಿತ್ತಾ...

ಅಷ್ಟರಲ್ಲಿ ಅನು ಮಾತಾಡಿದಳು. ನನ್ನೊಡನೆ ಅವಳು ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು.

"ಜಾಣೆ ಅಂತ ಬರ್ಕೋತೀನಿ ಆಂಟಿ," ಎಂದಳು. "ಸದ್ಯಕ್ಕೆ. ಪೆನ್ಸಿಲ್‌ನಲ್ಲಿ."

ನಿಮ್ಮ,
ಸುಧಾ